ಎರಡು ಯಾಕಲ್ಲ?

ಮಾದಕ ವಸ್ತುಗಳ ಬಗ್ಗೆ ಕಾಲೇಜುಗಳಲ್ಲಿ ಮಾತಾಡೋಕೆ ಶುರು ಮಾಡಿದಾಗ ನನ್ನ ಹತ್ತಿರ ನಲವತ್ತು ಸ್ಲೈಡುಗಳಿದ್ದವು. ಕಪ್ಪಾದ ಶ್ವಾಸಕೋಶ, ಉದುರಿದ ಹಲ್ಲು, ಕೊನೆಗೊಂದು ತಲೆಬುರುಡೆ. ದೀಪ ಆರಿಸಿ ತೋರಿಸುತ್ತಿದ್ದೆ. ಹಾಲ್ ಪೂರ್ತಿ ಗಪ್‌ಚಿಪ್. ಮುಗಿದ ಮೇಲೆ ಜೋರು ಚಪ್ಪಾಳೆ. ನಾನು ಬೀಗುತ್ತಾ ಮನೆಗೆ ಬರುತ್ತಿದ್ದೆ.

ಒಂದು ದಿನ ಪ್ರೊಜೆಕ್ಟರ್ ವೈರು ಸುತ್ತುತ್ತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದ. "ಮೇಡಂ, ನಮ್ಮಣ್ಣ ಮೂರು ವರ್ಷದಿಂದ ಗಾಂಜಾ ಸೇದ್ತಾನೆ. ಚೆನ್ನಾಗೇ ಓದ್ತಾನೆ, ಆಟನೂ ಆಡ್ತಾನೆ. ನೀವು ತೋರಿಸಿದ್ದು ಯಾವುದೂ ಆಗಿಲ್ವಲ್ಲ?"

ನನಗೆ ಮಾತೇ ಹೊರಡಲಿಲ್ಲ. ಅವನು ದಿನಾ ಕಣ್ಣಾರೆ ನೋಡುತ್ತಿದ್ದುದರ ಮುಂದೆ ನನ್ನ ತಲೆಬುರುಡೆ ಬರೀ ಬೆದರುಬೊಂಬೆ. ಇನ್ನು ನಾನು ಹೇಳುವ ನಿಜವನ್ನೂ ಅವನು ನಂಬುವುದಿಲ್ಲ, ಅಲ್ವಾ? ಗಾಂಜಾ ನೆನಪಿನ ಶಕ್ತಿಗೆ, ಗಮನಕ್ಕೆ ಏನು ಮಾಡುತ್ತೆ ಅಂತ ಸಮಾಧಾನವಾಗಿ ಹೇಳಿದ್ದರೆ ಕೇಳುತ್ತಿದ್ದನೋ ಏನೋ.

ಎಡವಿದ್ದು ನಾನೊಬ್ಬಳೇ ಅಲ್ಲ. ಅಮೆರಿಕ ಸರ್ಕಾರ 1998ರಿಂದ 2004ರವರೆಗೆ ಸುಮಾರು 100 ಕೋಟಿ ಡಾಲರ್ ಸುರಿದು ಮಕ್ಕಳಿಗೆ ಜಾಹೀರಾತು ತೋರಿಸಿತು. ಆಮೇಲೆ ಲೆಕ್ಕ ಹಾಕಿದರೆ ಗಾಂಜಾ ಸೇದುವುದು ಅದರಿಂದ ಕಮ್ಮಿಯಾದ ಗುರುತೇ ಸಿಗಲಿಲ್ಲ. ಜಾಹೀರಾತು ಜಾಸ್ತಿ ನೋಡಿದ ಕೆಲವು ಮಕ್ಕಳಲ್ಲಿ 'ನನ್ನ ವಯಸ್ಸಿನವರು ತುಂಬಾ ಜನ ಸೇದುತ್ತಾರೆ' ಅನ್ನುವ ಭಾವನೆ ಬೆಳೆದಿತ್ತು. ಇಷ್ಟೊಂದು ಬೊಬ್ಬೆ ಹೊಡೆಯುತ್ತಿದ್ದಾರೆ ಅಂದರೆ ಎಲ್ಲರೂ ಸೇದುತ್ತಿರಬೇಕು! ಮಕ್ಕಳು ಹಾಗಂದುಕೊಂಡರೆ ಅವರ ತಪ್ಪು ಅನ್ನೋಕಾಗಲ್ಲ.

ಈಗ ಸ್ಲೈಡು ಬಿಟ್ಟು ಚೀಟಿ ಹಂಚುತ್ತೇನೆ. ಹೆಸರು ಬೇಡ. ಎರಡೇ ಪ್ರಶ್ನೆ: ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ಸೇದುತ್ತಾರೆ ಅನ್ನಿಸುತ್ತೆ? ನೀನು? ಮೊನ್ನೆ ಒಂದು ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಂತ ಬಹಳ ಜನ ಬರೆದಿದ್ದರು. ಹೌದು ಅಂದ ಚೀಟಿಗಳು ಒಂದು ಕೈಬೆರಳಲ್ಲಿ ಎಣಿಸುವಷ್ಟು. ಕೆಲವರು ಸುಳ್ಳು ಬರೆದಿರಬಹುದು, ಇರಲಿ. ಆದರೂ ಎರಡು ಲೆಕ್ಕವನ್ನೂ ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿನಿಂದ "ಅಷ್ಟೇನಾ?" ಅಂತ ಒಂದು ದನಿ ಬಂತು. ನನ್ನ ಯಾವ ಭಾಷಣಕ್ಕೂ ಅಂಥ ದನಿ ಬಂದಿರಲಿಲ್ಲ.

ಆಗಲೇ ಚಟಕ್ಕೆ ಬಿದ್ದವರ ಜೊತೆ ಕೂತು ಮಾತಾಡೋದು ಬೇರೆ ಕೆಲಸ. ಅದಕ್ಕೊಂದು ರೀತಿಯಿದೆ. ವಿಲಿಯಂ ಮಿಲ್ಲರ್ ಅನ್ನುವ ಮನಃಶಾಸ್ತ್ರಜ್ಞರು 1983ರಲ್ಲಿ ಕುಡಿತದ ತೊಂದರೆ ಇರುವವರಿಗಾಗಿ ಅದರ ಬಗ್ಗೆ ಬರೆದರು. ಬುದ್ಧಿ ಹೇಳಬೇಡಿ, ಬದಲಾಗೋಕೆ ಕಾರಣ ಅವರ ಬಾಯಿಂದಲೇ ಬರಲಿ ಅನ್ನೋದು ಅದರ ತಿರುಳು. ಅದರಲ್ಲೊಂದು ಪ್ರಶ್ನೆ ನನಗೆ ತುಂಬಾ ಇಷ್ಟ. ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು ಕೇಳಿದೆ, "ಸೊನ್ನೆಯಿಂದ ಹತ್ತರಲ್ಲಿ, ಬಿಡೋದು ನಿನಗೆ ಎಷ್ಟು ಮುಖ್ಯ?"

"ಐದು."

ಹಳೆಯ ನಾನಾಗಿದ್ದರೆ "ಹತ್ತು ಯಾಕಲ್ಲ?" ಅಂತ ಕೆದಕುತ್ತಿದ್ದೆ. ಅವನು ಬಿಡದೇ ಇರೋಕೆ ಕಾರಣ ಪಟ್ಟಿ ಮಾಡುತ್ತಿದ್ದ, ತನ್ನ ಮಾತು ಕೇಳಿ ತಾನೇ ಇನ್ನಷ್ಟು ಗಟ್ಟಿಯಾಗುತ್ತಿದ್ದ. ಅದಕ್ಕೇ ತಿರುಗಿಸಿ ಕೇಳಿದೆ, "ಎರಡು ಯಾಕಲ್ಲ?"

ಉಗುರು ಕಚ್ಚಿದ. ಬಾಗಿಲ ಕಡೆ ನೋಡಿದ. ನಾನು ಬಾಯಿ ಬಿಡಲಿಲ್ಲ, ನನಗೆ ಅದೇ ಎಲ್ಲಕ್ಕಿಂತ ಕಷ್ಟ. ತುಂಬಾ ಹೊತ್ತಾದ ಮೇಲೆ ಹೇಳಿದ, "ತಂಗಿ ನನ್ನ ಶರ್ಟ್ ಮೂಸಿ ನೋಡಿದ್ಲು. ಏನೂ ಅನ್ಲಿಲ್ಲ. ಸುಮ್ನೆ ಮಡಚಿಟ್ಟು ಹೋದ್ಲು."

ಮಾತಿನಿಂದಲೇ ಎಲ್ಲಾ ಆಗುತ್ತೆ ಅಂತಲ್ಲ. ದಿನಾ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅಲ್ಲಿ ಡಾಕ್ಟರೇ ಬೇಕು. ಈ ಹುಡುಗನೂ ಎರಡು ತಿಂಗಳು ಬಿಟ್ಟವನು ಮತ್ತೆ ಶುರು ಮಾಡಿದ್ದಾನೆ. ಹೋದ ವಾರ ಅವನಿಂದ ಮೆಸೇಜ್ ಬಂತು. ಬರೀ ಒಂದು ಅಂಕಿ: 4.

"ಮೂರು ಯಾಕಲ್ಲ?" ಅಂತ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.