ಏರಿ, ಗರಸು, ಹುರುಳಿ ಸೊಪ್ಪು: ಶ್ರೀರಂಗಪಟ್ಟಣದಿಂದ ಮೇಲುಕೋಟೆಗೆ ಒಂದು ದಿನ

ಮಣ್ಣು, ಜಲ್ಲಿ ದಾರಿಗೂ ಒಗ್ಗುವ ಅಗಲ ಟೈರಿನ ಗ್ರಾವೆಲ್ ಸೈಕಲ್ಲಿಗೆಂದೇ ಮಂಡ್ಯ ಜಿಲ್ಲೆಯಲ್ಲಿ ಯಾರೂ ದಾರಿ ಮಾಡಿಲ್ಲ. ಇರುವುದು ನಾಲೆ ಏರಿ, ಕೆರೆ ಏರಿ, ಗರಸು ಹೊಡೆದ ಹಳ್ಳಿ ರಸ್ತೆ, ಕಬ್ಬಿನ ಗದ್ದೆ ನಡುವಿನ ಗಾಡಿ ಜಾಡು. ಇವೆಲ್ಲ ಬೇಸಾಯದ ದಾರಿಗಳು. ಯಾವ ತಿಂಗಳಲ್ಲಿ ಯಾವ ಬೆಳೆ ಕೊಯ್ಲಿಗೆ ಬಂದಿದೆ, ನಾಲೆಯಲ್ಲಿ ನೀರಿದೆಯೋ ಇಲ್ಲವೋ ಅನ್ನುವುದರ ಮೇಲೆ ಅವುಗಳ ಮೈ ಬದಲಾಗುತ್ತಿರುತ್ತದೆ. ಜುಲೈನಲ್ಲಿ ಸೈಕಲ್ ಹೊತ್ತುಕೊಂಡು ಹೋಗಬೇಕಾದ ಏರಿ ಜನವರಿಯಲ್ಲಿ ಸಿಮೆಂಟ್ ನೆಲದಂತಿರುತ್ತದೆ.

ಜನವರಿಯ ಒಂದು ಭಾನುವಾರದ ಸುತ್ತು ಇದು. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೆರೆ ತೊಣ್ಣೂರು, ಜಕ್ಕನಹಳ್ಳಿ, ಮೇಲುಕೋಟೆ, ಅಲ್ಲಿಂದ ಹೆದ್ದಾರಿ ಹಿಡಿದು ವಾಪಸ್. ಒಟ್ಟು ಎಂಬತ್ತು ಕಿಲೋಮೀಟರಿನ ಆಸುಪಾಸು, ಅದರಲ್ಲಿ ಮೂವತ್ತರಷ್ಟು ಮಣ್ಣು ದಾರಿ. ಟಾರಿನಲ್ಲಿ ಗಂಟೆಗೆ 22 ಕಿ.ಮೀ. ಹೋಗುವವರು ಮಣ್ಣಿನಲ್ಲಿ 14 ಅಂತ ಲೆಕ್ಕ ಹಾಕಿಕೊಂಡರೆ ಸಾಕು. ಬೆಳಿಗ್ಗೆ ಆರಕ್ಕೆ ಹೊರಟರೆ ಬಿಸಿಲೇರುವ ಮೊದಲೇ ಬೆಟ್ಟ ಹತ್ತಿಬಿಡಬಹುದು.

ಹೊರಡುವ ಮುನ್ನ ನೋಡಬೇಕಾದದ್ದು ಟೈರಿನ ಗಾಳಿ. 700×40 ಟೈರು (ಅಂದರೆ 40 ಮಿ.ಮೀ. ಅಗಲದ್ದು), ಟ್ಯೂಬ್‌ಲೆಸ್, ಸವಾರರ ತೂಕ 70 ಕೆ.ಜಿ. ಆಸುಪಾಸು ಎಂದರೆ ಮುಂದಕ್ಕೆ 32 ಪಿಎಸ್‌ಐ, ಹಿಂದಕ್ಕೆ 36. ಒಳಗೆ ಟ್ಯೂಬ್ ಇದ್ದರೆ 45ಕ್ಕಿಂತ ಇಳಿಸದಿರುವುದು ಒಳ್ಳೆಯದು. ಇಳಿಸಿದರೆ ಜಲ್ಲಿಯ ಅಂಚಿಗೆ ರಿಮ್ ಬಡಿದು ಟ್ಯೂಬು ನಡುವೆ ನಜ್ಜಾಗುತ್ತದೆ, ಪಕ್ಕಪಕ್ಕದಲ್ಲೇ ಎರಡು ಪುಟ್ಟ ಸೀಳು ಬೀಳುತ್ತದೆ. ಗಾಳಿ ಕಲ್ಲಿನಂತೆ ತುಂಬಿದರೆ ಬೇಗ ಹೋಗಬಹುದು ಅನ್ನುವುದು ಟಾರಿನ ಬುದ್ಧಿ. ಗರಸಿನಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಪುಟಿದಷ್ಟೂ ತುಳಿದದ್ದು ದಂಡ. ಟ್ಯೂಬ್‌ಲೆಸ್ ಟೈರಿನೊಳಗೆ ಹಾಕುವ, ತೂತು ತಾನೇ ಮುಚ್ಚುವ ದ್ರವವಾದ ಸೀಲೆಂಟ್ ಒಂದೊಂದು ಟೈರಿಗೆ 60ರಿಂದ 80 ಎಂಎಲ್. ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲೇ ಅದು ಒಣಗಿ ರಬ್ಬರ್ ಚೂರಾಗಿರುತ್ತದೆ. ಚಕ್ರ ಅಲ್ಲಾಡಿಸಿ ಕಿವಿಗೊಟ್ಟಾಗ ಒಳಗೆ ದ್ರವ ಕುಲುಕಿದ ಸದ್ದು ಬರದಿದ್ದರೆ ಹೊಸದಾಗಿ ಹಾಕಬೇಕು.

ಪಾಂಡವಪುರದವರೆಗಿನ ಟಾರು ರಸ್ತೆ ಬಗ್ಗೆ ಹೇಳುವುದೇನಿಲ್ಲ, ಕಬ್ಬಿನ ಟ್ರಾಕ್ಟರುಗಳ ಹಿಂದೆ ತೀರಾ ಅಂಟಿಕೊಂಡು ಹೋಗಬೇಡಿ ಅನ್ನುವುದೊಂದು ಬಿಟ್ಟರೆ. ಟ್ರೈಲರಿನಿಂದ ಜಾರಿದ ಒಂದು ಜಲ್ಲೆ ಸಾಕು ಮುಂದಿನ ಚಕ್ರ ಉರುಳಿಸಲು.

ರುಚಿ ಶುರುವಾಗುವುದು ವಿಶ್ವೇಶ್ವರಯ್ಯ ನಾಲೆಯ ಏರಿ ಹತ್ತಿದ ಮೇಲೆ. ಕನ್ನಂಬಾಡಿಯಿಂದ ಹೊರಡುವ ಈ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ನಾಲೆ ನೆಲದ ಏರಿಳಿತಕ್ಕೆ ತಕ್ಕಂತೆ ಬಳಸುತ್ತಾ ಹೋಗುವುದರಿಂದ ಏರಿಯ ಮೇಲೆ ಚಡಾವು ಅನ್ನುವುದೇ ಇಲ್ಲ. ಇಂಥ ನಾಲೆಗಳಲ್ಲಿ ಒಂದು ಬದಿ ದಿಬ್ಬ, ಇನ್ನೊಂದು ಬದಿ ತಗ್ಗು. ತಗ್ಗಿನ ಕಡೆಯ ಏರಿಯನ್ನು ಮಣ್ಣು ತುಂಬಿ ಕಟ್ಟಿರುತ್ತಾರಾದ್ದರಿಂದ ಸಾಮಾನ್ಯವಾಗಿ ಅದೇ ಅಗಲ, ಜೀಪು ಓಡಾಡುವುದೂ ಅದರ ಮೇಲೆಯೇ. ದಿಬ್ಬದ ಬದಿ ಹಿಡಿದವರು ಸ್ವಲ್ಪ ಹೊತ್ತಿಗೆಲ್ಲ ಲಾಂಟಾನ ಪೊದೆಯಲ್ಲಿ ನಿಂತಿರುತ್ತಾರೆ, ಎದುರಿನ ಏರಿಗೆ ದಾಟಲು ಮುಂದಿನ ಸೇತುವೆವರೆಗೂ ಗತಿಯಿಲ್ಲ. ಉಪನಾಲೆಗಳಿಗೆ ನೀರು ಬಿಡುವ ತೂಬುಗಳು ಇರುವುದೂ ತಗ್ಗಿನ ಬದಿಯಲ್ಲೇ. ತೂಬಿನ ಆಸುಪಾಸು ನೀರು ಜಿನುಗಿ ಹತ್ತಿಪ್ಪತ್ತು ಅಡಿ ಕೆಸರಿರುತ್ತದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಡುವ ದಿನಗಳಲ್ಲಿ ಆ ಕೆಸರು ಇನ್ನೂ ಹೆಚ್ಚು. ಪತ್ರಿಕೆಯ ಜಿಲ್ಲಾ ಪುಟದಲ್ಲಿ ನಾಲೆಗೆ ನೀರು ಬಿಟ್ಟ ಸುದ್ದಿ ನೋಡಿಕೊಂಡು ಹೊರಟರೆ ಅರ್ಧ ತೊಂದರೆ ತಪ್ಪುತ್ತದೆ.

ನಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಇದೇ ನಾಲೆ ಮುಂದೆ ಹುಲಿಕೆರೆ ಬಳಿ ಸುರಂಗದೊಳಕ್ಕೆ ಹೋಗಿಬಿಡುತ್ತದೆ. ಮೊಬೈಲಿನಲ್ಲಿ ನೀಲಿ ಗೆರೆ ಹಿಡಿದು ಹೋದವರಿಗೆ ಅಲ್ಲಿ ನಾಲೆಯೂ ಇಲ್ಲ, ಏರಿಯೂ ಇಲ್ಲ.

ನಾಲೆಯ ಅಂಚಿನ ವಿಷಯದಲ್ಲಿ ಹುಡುಗಾಟ ಬೇಡ. ಇದೇ ನಾಲೆಗೆ 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ಬಿದ್ದು 30 ಜನ ಸತ್ತರು. ಕಾಂಕ್ರೀಟ್ ಹಾಕಿದ ದಂಡೆ ಪಾಚಿ ಕಟ್ಟಿ ಜಾರುತ್ತದೆ, ಈಜು ಬಂದವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಎದುರಿಗೆ ಟ್ರಾಕ್ಟರ್ ಬಂದರೆ ಗದ್ದೆಯ ಬದಿಗೆ ಇಳಿದು ನಿಲ್ಲಬೇಕು, ನೀರಿನ ಬದಿಗೆ ಎಂದೂ ಅಲ್ಲ.

ದಾರಿ ಕೇಳುವುದಕ್ಕೂ ಒಂದು ಕ್ರಮವಿದೆ. "ಮುಂದಕ್ಕೆ ದಾರಿ ಐತಾ ಅಣ್ಣ?" ಅಂತ ಕೇಳಿದರೆ "ಐತೆ ಹೋಗಿ ಸಾ" ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ನಡೆದು ಹೋಗುವವರಿಗೆ ಎಲ್ಲೆಡೆಯೂ ದಾರಿಯೇ. "ಟ್ರಾಕ್ಟರ್ ಹೋಯ್ತದಾ?" ಅಂತ ಕೇಳಬೇಕು. ಹೋಗುತ್ತದೆ ಅಂದರೆ ಕಣ್ಣು ಮುಚ್ಚಿ ಹೋಗಿ. "ಟ್ರಾಕ್ಟರ್ ಹೋಗಾಕಿಲ್ಲ, ಗಾಡಿ ಹೋಯ್ತದೆ" ಅಂದರೆ ಬೈಕು ದಾಟುವಷ್ಟು ಜಾಗವಿದೆ ಎಂದರ್ಥ, ಒಂದೆರಡು ಕಡೆ ಇಳಿದು ತಳ್ಳಬೇಕಾದೀತು. "ಇಂಗೇ ನಡ್ಕಂಡ್ ಹೋಗ್ಬೌದು" ಅಂದರೆ ಸೈಕಲ್ ಹೆಗಲ ಮೇಲೆ.

ತೊಣ್ಣೂರು ಕೆರೆ ಎರಡು ಬೆಟ್ಟಗಳ ಸಂದಿಗೆ ಅಡ್ಡ ಕಟ್ಟಿದ ಏರಿಯಿಂದ ಆದದ್ದು, ಮೋತಿ ತಲಾಬ್ ಅಂತಲೂ ಕರೆಯುತ್ತಾರೆ. ಇಲ್ಲಿ ಕಾಲು ಗಂಟೆ ನಿಂತರೆ ನಷ್ಟವಿಲ್ಲ. ಕೆರೆ ಬಯಲುಗಳ ಸುತ್ತ ಬಳ್ಳಾರಿ ಜಾಲಿ ಹಬ್ಬಿರುವುದರಿಂದ ಟೈರು ನೋಡಿಕೊಳ್ಳುವ ಜಾಗವೂ ಇಂಥದ್ದೇ. ಜಾಲಿ ಮುಳ್ಳು ಬೆಳೆಯುವುದೇ ಜೋಡಿ ಜೋಡಿಯಾಗಿ. ಟೈರಿನಲ್ಲಿ ಒಂದು ಸಿಕ್ಕಿತೆಂದರೆ ಬೆರಳಗಲದ ದೂರದಲ್ಲಿ ಇನ್ನೊಂದನ್ನು ಹುಡುಕಬೇಕು. ಟ್ಯೂಬ್ ಟೈರಿನವರು ಒಂದು ತೂತಿಗೆ ಪ್ಯಾಚ್ ಹಾಕಿ, ಗಾಳಿ ತುಂಬಿ, ಅರ್ಧ ಕಿಲೋಮೀಟರಿನಲ್ಲಿ ಮತ್ತೆ ಕೂರುವುದು ಇದೇ ಕಾರಣಕ್ಕೆ. ಮುಳ್ಳಿನ ತುದಿ ಮುರಿದು ರಬ್ಬರಿನೊಳಗೆ ಉಳಿದಿದ್ದರೆ ಕಣ್ಣಿಗೆ ಕಾಣದು. ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ, ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಬೆರಳಲ್ಲಿ ಸವರಿದರೆ ಬೆರಳಿಗೇ ಚುಚ್ಚುತ್ತದೆ. ಟ್ಯೂಬ್‌ಲೆಸ್ ಆದರೆ ಮುಳ್ಳು ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಅರ್ಧ ನಿಮಿಷ ನಿಲ್ಲಿಸಿದರೆ ಸೀಲೆಂಟ್ ಅಲ್ಲಿಗೆ ಬಂದು ಕಟ್ಟಿಕೊಳ್ಳುತ್ತದೆ. ಎತ್ತಿನ ಲಾಳದ ಮೊಳೆ ಚುಚ್ಚಿದ್ದರೆ ಮಾತ್ರ ಸೀಲೆಂಟಿಗೆ ಬಗ್ಗುವುದಿಲ್ಲ, ರಬ್ಬರ್ ಬತ್ತಿಯಂಥ ಪ್ಲಗ್ಗೇ ತುರುಕಬೇಕು.

ಅಲ್ಲಿಂದ ಜಕ್ಕನಹಳ್ಳಿ ಕಡೆಗೆ ನೀರಾವರಿ ಮುಗಿದು ಖುಷ್ಕಿ ಹೊಲಗಳು. ಕಬ್ಬು, ಭತ್ತ ಹೋಗಿ ರಾಗಿ, ಹುರುಳಿ. ಮಣ್ಣು ಕೆಂಪಾಗುತ್ತದೆ, ಗರಸು ದಪ್ಪವಾಗುತ್ತದೆ. ಮೈಸೂರು ಸೀಮೆಯ ಸೈಕಲ್ ಸವಾರಿಗೆ ಜನವರಿಯ ನಿಜವಾದ ಗಂಡಾಂತರ ಇರುವುದು ಇಲ್ಲಿಯ ಹಳ್ಳಿಗಳ ಟಾರು ರಸ್ತೆಯಲ್ಲಿ. ಕಣ ಮಾಡುವವರು ಕಡಿಮೆಯಾಗಿ, ಹುರುಳಿ, ರಾಗಿಯನ್ನು ರಸ್ತೆಗೇ ಹರಡಿ ಬಸ್ಸು ಕಾರುಗಳಿಂದ ಒಕ್ಕಣೆ ಮಾಡಿಸುತ್ತಾರೆ. ರಾಗಿ ಹುಲ್ಲಿಗಿಂತ ಹುರುಳಿ ಸೊಪ್ಪು ಕೆಟ್ಟದ್ದು. ಬಳ್ಳಿ ನಾರಿನಂತೆ ಉದ್ದ, ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಅದರ ಮೇಲೆ ತುಳಿಯುತ್ತಾ ಹೋದರೆ ಚೈನಿನ ಜೊತೆ ಡಿರೇಲರಿನ (ಹಿಂದಿನ ಗೇರು ಬದಲಿಸುವ ಭಾಗದ) ಪುಟ್ಟ ಗಾಲಿಗೆ ಸುತ್ತಿಕೊಂಡು, ಒಂದೇ ಸುತ್ತಿಗೆ ಡಿರೇಲರನ್ನು ಕಡ್ಡಿಗಳೊಳಕ್ಕೆ ಎಳೆದುಬಿಡುತ್ತದೆ. ಡಿರೇಲರನ್ನು ಫ್ರೇಮಿಗೆ ಹಿಡಿದಿಟ್ಟ ಹ್ಯಾಂಗರ್ ಮುರಿಯುತ್ತದೆ, ಅಂದಿನ ಸವಾರಿ ಮುಗಿಯುತ್ತದೆ.

ಹರಡಿದ್ದು ಕಂಡಾಗಲೇ ತುಳಿಯುವುದು ನಿಲ್ಲಿಸಿ, ಬಂದ ವೇಗದಲ್ಲಿ ತೇಲಿಕೊಂಡು ದಾಟಬೇಕು. ಹಿಂದಕ್ಕೆ ತುಳಿಯುವುದಂತೂ ಬೇಡವೇ ಬೇಡ. ದಾಟಲಾಗದಷ್ಟು ಉದ್ದವಿದ್ದರೆ ಇಳಿದು, ಹಿಂದಿನ ಚಕ್ರ ಎತ್ತಿಕೊಂಡು ನಡೆಯಿರಿ. ಸುತ್ತಿಕೊಂಡೇಬಿಟ್ಟರೆ ಪೆಡಲಿಗೆ ಬಲ ಹಾಕಬೇಡಿ. ಸೈಕಲ್ ತಲೆಕೆಳಗೆ ಮಾಡಿ, ಪುಟ್ಟ ಗಾಲಿಯನ್ನು ಕೈಯಲ್ಲಿ ಹಿಮ್ಮುಖವಾಗಿ ತಿರುಗಿಸುತ್ತಾ ಬಳ್ಳಿಯನ್ನು ಚಾಕುವಿನಲ್ಲಿ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ಹತ್ತು ನಿಮಿಷದ ಕೆಲಸ. ಸೊಪ್ಪು ಹಾರದಿರಲಿ ಅಂತ ಅಂಚಿಗೆ ಇಟ್ಟ ಕಲ್ಲುಗಳೂ ಹುಲ್ಲಿನಡಿ ಮುಚ್ಚಿಕೊಂಡಿರುತ್ತವೆ, ಆದ್ದರಿಂದ ಅಂಚಿಗಿಂತ ನಡುವೆ ಹೋಗುವುದೇ ವಾಸಿ. ಒಕ್ಕಣೆ ಮಾಡುತ್ತಿದ್ದ ಅಜ್ಜಿಯೊಬ್ಬರು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಇದ್ರಲ್ಲಿ ಒಂದ್ ಕಾಳೂ ಉದುರಾಕಿಲ್ಲ ಕಣಪ್ಪ, ಪಕ್ಕದಲ್ಲಿ ಹೋಗು" ಅಂದರು. ಅವರ ಲೆಕ್ಕ ಸರಿಯೇ ಇತ್ತು.

ಜಕ್ಕನಹಳ್ಳಿಯಿಂದ ಮೇಲುಕೋಟೆಗೆ ಆರೇಳು ಕಿಲೋಮೀಟರ್, ಕೊನೆಗೆ ಚಡಾವು. ಮುಂದೆ 40 ಹಲ್ಲು, ಹಿಂದೆ 42 ಹಲ್ಲಿನ ಗೇರಿದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ಗಂಟೆಗೆ ಏಳೂವರೆ ಕಿ.ಮೀ. ಬರುತ್ತದೆ, ಏದುಸಿರಿಲ್ಲದೆ ಹತ್ತಬಹುದು. ಹಿಂದೆ 32ರವರೆಗೆ ಮಾತ್ರ ಇರುವವರು ಎದ್ದು ನಿಂತು ತುಳಿಯುತ್ತಾರೆ. ಟಾರಿನಲ್ಲಿ ಅದು ನಡೆಯುತ್ತದೆ, ಗರಸಿನಲ್ಲಿ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಅದು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಸುತ್ತಲಿನ ಕಾಡು ತೋಳಗಳಿಗೆಂದು ಕಾದಿಟ್ಟ ವನ್ಯಧಾಮ. ಒಳಗೆ ಹೋಗುವ ಜೀಪ್ ಜಾಡುಗಳು ಎಷ್ಟೇ ಆಸೆ ಹುಟ್ಟಿಸಿದರೂ ಅನುಮತಿ ಇಲ್ಲದೆ ನುಗ್ಗುವಂತಿಲ್ಲ.

ಪುಳಿಯೋಗರೆ ತಿಂದ ಮೇಲೆ ಇಳಿಜಾರು. 32 ಪಿಎಸ್‌ಐ ಟೈರು ಟಾರಿನ ತಿರುವಿನಲ್ಲಿ ಸ್ವಲ್ಪ ಹೊರಳಿದಂತಾಗುತ್ತದೆ, ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ಮುಗಿಸಿರಬೇಕು. ಭಾನುವಾರ ದೇವಸ್ಥಾನದ ಬಸ್ಸು ಕಾರುಗಳು ತಿರುವಿನಲ್ಲಿ ಪೂರ್ತಿ ರಸ್ತೆ ತೆಗೆದುಕೊಳ್ಳುತ್ತವೆ.

ಮನೆಗೆ ಬಂದ ಮೇಲೆ ಬಾಟಲಿ ಹಿಡಿಯುವ ಕೇಜಿನ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ. ಗರಸಿನ ನಡುಕಕ್ಕೆ ಮೊದಲು ಸಡಿಲವಾಗುವುದು ಅವೇ. ನಾಲೆ ಕೆಸರು ಒಣಗುವ ಮುಂಚೆ ಬಕೆಟ್ ನೀರಿನಲ್ಲಿ ತೊಳೆಯಿರಿ, ಕಾರು ತೊಳೆಯುವ ಪೈಪಿನ ರಭಸ ಹಬ್ಬಿನ ಬೇರಿಂಗಿನೊಳಗೆ ನೀರು ನುಗ್ಗಿಸುತ್ತದೆ. ಕ್ಯಾಸೆಟ್ಟಿನ (ಹಿಂದಿನ ಗೇರು ಚಕ್ರಗಳ ಗೊಂಚಲಿನ) ಹಲ್ಲುಗಳ ಸಂದಿಯಲ್ಲಿ ಹಳೆ ಟೂತ್‌ಬ್ರಷ್ ಆಡಿಸಿದರೆ ಹುರುಳಿ ಹೊಟ್ಟು ಎರಡು ಮೂರು ದಿನ ಉದುರುತ್ತಲೇ ಇರುತ್ತದೆ.