ಅರ್ಧ ನಿಮಿಷದ ಬಂಗಾರ

ಕಾಲೇಜಿನ ಲ್ಯಾಬಿನಲ್ಲಿ ಒಂದು ಮಧ್ಯಾಹ್ನ ನಾನೂ ಬಂಗಾರ ಮಾಡಿದೆ. ಅರ್ಧ ನಿಮಿಷ ಹಾಗಂತ ನಂಬಿಯೂ ಇದ್ದೆ.

ಅವತ್ತು ಮೇಷ್ಟ್ರು ಪಾಠ ಬಿಟ್ಟು ರಸವಾದಿಗಳ ಕತೆ ಹಿಡಿದಿದ್ದರು. 1669ರಲ್ಲಿ ಹ್ಯಾಂಬರ್ಗ್‌ನ ಹೆನ್ನಿಗ್ ಬ್ರ್ಯಾಂಡ್ ಪರುಷಮಣಿಯ ಆಸೆಗೆ ಮೂತ್ರವನ್ನು ಕುದಿಸಿ ಕುದಿಸಿ ಬತ್ತಿಸಿದ. ಸಿಕ್ಕಿದ್ದು ಕತ್ತಲಲ್ಲಿ ಮಿನುಗುವ ರಂಜಕ. ನಾವು ಕಿಸಕ್ಕೆಂದೆವು. “ನಗಬೇಡ್ರೋ, ನ್ಯೂಟನ್‌ಗೂ ಇದೇ ಹುಚ್ಚಿತ್ತು” ಅಂದವರೇ ನನ್ನ ಕೈಗೊಂದು ತಾಮ್ರದ ತುಂಡು ಇಟ್ಟರು.

ತೂಗಿದೆ: 3.10 ಗ್ರಾಂ. ಬಿಸಿ ಕಾಸ್ಟಿಕ್ ಸೋಡಾ ದ್ರಾವಣದ ತಳದಲ್ಲಿ ಸತುವಿನ ಪುಡಿ ಬೂದಿಯಂತೆ ಕೂತಿತ್ತು. ತುಂಡನ್ನು ಅದರ ಮೇಲೆ ಬಿಟ್ಟು ಕಾದೆ. ನೋಡನೋಡುತ್ತ ಕೆಂಪು ಮಾಸಿ ಬೆಳ್ಳಿಯ ಬಣ್ಣ ಬಂತು. ತೊಳೆದು, ಒರೆಸಿ, ಇಕ್ಕಳದಲ್ಲಿ ಹಿಡಿದು ಬರ್ನರ್ ಉರಿಗೆ ಒಡ್ಡಿದೆ. ಒಂದು ಅಂಚಿನಿಂದ ಹಳದಿ ಹರಿಯತೊಡಗಿತು, ಯಾರೋ ಒಳಗಿಂದ ಅರಿಶಿನ ಬಳಿದ ಹಾಗೆ. ಎದೆ ಝಲ್ಲೆಂದಿತು. ಇದು ಹಿತ್ತಾಳೆ, ಸತು ತಾಮ್ರದೊಳಕ್ಕೆ ಇಳಿದಿದೆ ಅಷ್ಟೇ ಅಂತ ಗೊತ್ತಿದ್ದೂ ಕಣ್ಣು ಕೇಳಬೇಕಲ್ಲ!

ತಕ್ಕಡಿ ಮಾತ್ರ ಮರುಳಾಗಲಿಲ್ಲ. 3.12 ತೋರಿಸಿತು. ನಿಜವಾದ ಚಿನ್ನವಾಗಿದ್ದರೆ ಅಷ್ಟೇ ಗಾತ್ರದ ತುಂಡು ಆರೂವರೆ ಗ್ರಾಂ ದಾಟಬೇಕಿತ್ತು.

ಉರಿ ತಟ್ಟುವುದು ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳಿಗೆ. ತಾಮ್ರವನ್ನು ತಾಮ್ರ ಮಾಡಿರುವುದು ನಡುವಿನ 29 ಪ್ರೋಟಾನು, ಚಿನ್ನಕ್ಕೆ 79. ನ್ಯೂಕ್ಲಿಯಸ್ ಅನ್ನುವ ಆ ಗಂಟಿಗೆ ಯಾವ ಕುಲುಮೆಯೂ ಕೈ ಹಾಕಲಾರದು. ಹಾಕಿದ್ದು ಸರ್ನ್ ಎಂಬ ಯುರೋಪಿನ ಕಣಭೌತ ಸಂಶೋಧನಾ ಕೇಂದ್ರದ ಯಂತ್ರ: ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಓಡುವ ಸೀಸದ ನ್ಯೂಕ್ಲಿಯಸ್ಸುಗಳು ಒಂದನ್ನೊಂದು ಮುಟ್ಟದೆ ತೀರ ಪಕ್ಕದಲ್ಲೇ ಹಾದು ಹೋದಾಗ ಮೂರು ಪ್ರೋಟಾನು ಉದುರಿ, 82 ಇದ್ದದ್ದು 79 ಆಗುತ್ತದೆ. 2015ರಿಂದ 2018ರ ತನಕ ಅಲ್ಲಿ ಹುಟ್ಟಿದ ಚಿನ್ನವೆಲ್ಲ ಸೇರಿ ಸುಮಾರು 29 ಪಿಕೋಗ್ರಾಂ; ಒಂದು ಪಿಕೋಗ್ರಾಂ ಅಂದರೆ ಗ್ರಾಂನ ಲಕ್ಷ ಕೋಟಿಯಲ್ಲೊಂದು ಪಾಲು. ಅದೂ ಕ್ಷಣ ನಿಲ್ಲದೆ ಚೂರಾಯಿತು. ಮೂಗುತಿಯಿರಲಿ, ದೂಳಿನ ಕಣಕ್ಕೂ ಸಾಲದು.

ಇದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಅವತ್ತು ತಕ್ಕಡಿಯ ಮಾತು ಮುಗಿದ ಮೇಲೂ ನಾನು ತುಂಡನ್ನು ಮತ್ತೆ ಉರಿಗೆ ಹಿಡಿದೆ, ಇನ್ನೊಂದಿಷ್ಟು ಕಾಯಿಸಿದರೆ ಬಣ್ಣ ಏರೀತು ಅಂತ. ಏರಲಿಲ್ಲ. ಹಳದಿ ಮಂಕಾಗಿ, ಕೆಂಪಗಾಗಿ, ಕೊನೆಗೆ ಕಪ್ಪಿಟ್ಟಿತು.

ಮೇಷ್ಟ್ರು ಬಗ್ಗಿ ನೋಡಿ, “ಇನ್ನೊಂದು ತುಂಡು ಕೊಡ್ಲಾ?” ಅಂದರು.

ನನ್ನ ಕೈ ಆಗಲೇ ಚಾಚಿತ್ತು.