ಗಿಡ್ಡ ದನವೂ ಡಾರ್ವಿನ್ನೂ

"ಬಲ ಇದ್ದವನೇ ಉಳಿಯುವುದು, ಡಾರ್ವಿನ್ ಹೇಳಿದ್ದಲ್ವಾ?" ಬದಿಯಡ್ಕ ಪೇಟೆಯಲ್ಲೂ ಕೇಳುವ ಮಾತಿದು. ಆದರೆ ಈ ಮಾತಿನ ಮೂಲವಾದ 'ಸರ್ವೈವಲ್ ಆಫ್ ದಿ ಫಿಟೆಸ್ಟ್' (ಫಿಟ್ ಆದದ್ದೇ ಉಳಿಯುವುದು) ಎಂಬ ನುಡಿ ಇಂಗ್ಲಿಷ್ ಚಿಂತಕ ಹರ್ಬರ್ಟ್ ಸ್ಪೆನ್ಸರನದು, 1864ರದು. ಡಾರ್ವಿನ್ ಜೀವಿಗಳ ವಿಕಾಸದ ಬಗ್ಗೆ ಬರೆದ ತನ್ನ 1859ರ ಪುಸ್ತಕಕ್ಕೆ ಅದನ್ನು ಸೇರಿಸಿಕೊಂಡದ್ದು 1869ರ ಐದನೇ ಆವೃತ್ತಿಯಲ್ಲಿ. ಅಲ್ಲಿ ಫಿಟ್ ಎಂದರೆ ತೋಳ್ಬಲವಲ್ಲ. ಇರುವ ಜಾಗಕ್ಕೆ ಹೊಂದಿಕೊಂಡು ಸಂತತಿ ಉಳಿಸುವುದು.

ನಮ್ಮ ಊರಿನ ಗಿಡ್ಡ ದನದ ತಳಿ ಕಾಸರಗೋಡು ಗಿಡ್ಡವನ್ನೇ ನೋಡಿ. ಸಣ್ಣ ಮೈಗೆ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಬಿಸಿ ಬೇಗ ಹೊರಹೋಗುತ್ತದೆ. ಮೇವೂ ಕಡಿಮೆ ಸಾಕು. ದೊಡ್ಡ ಮೈಯ ಜರ್ಸಿ ಏದುಸಿರು ಬಿಡುವ ಸೆಕೆಯಲ್ಲಿ ಅದು ಗುಡ್ಡೆಯಲ್ಲಿ ಮೇಯುತ್ತಿರುತ್ತದೆ.

ಆದರೆ ಮನುಷ್ಯರನ್ನೇ 'ಒಳ್ಳೆ ತಳಿ, ಕೆಟ್ಟ ತಳಿ' ಎಂದು ವಿಂಗಡಿಸಲು ಹೊರಟವರೂ ಇದ್ದರು. 1883ರಲ್ಲಿ ಇಂಗ್ಲಿಷ್ ವಿಜ್ಞಾನಿ ಗಾಲ್ಟನ್ ಅದಕ್ಕೆ ಯುಜೆನಿಕ್ಸ್ ಎಂದು ಹೆಸರಿಟ್ಟ. 1907ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಬಲವಂತದ ಸಂತಾನಹರಣದ ಕಾನೂನೇ ಬಂತು. ನೆನೆದರೆ ಹೊಟ್ಟೆ ಉರಿಯುತ್ತದೆ.

ಯಕ್ಷಗಾನದ ಆಟದಲ್ಲಿ ಮತ್ಸ್ಯ, ಕೂರ್ಮ, ವರಾಹ ಅವತಾರಗಳ ಕ್ರಮ ಕಂಡು "ಇದೇ ವಿಕಾಸ" ಅನ್ನುವವರೂ ಇದ್ದಾರೆ. ಅವರ ಭಕ್ತಿಗೆ ನನ್ನ ಗೌರವವಿದೆ. ಆದರೆ ವಿಕಾಸ ಏಣಿಯಲ್ಲ, ಕವಲೊಡೆದ ಮರ. ಕುಂಬಳೆ ಕಡಲಿನ ಬಂಗುಡೆಯೂ ನಮ್ಮಷ್ಟೇ ಕಾಲ ವಿಕಾಸಗೊಂಡು ಬಂದ ಜೀವಿ.